ಹಚ್ಚುವ ಮದ್ದಿನ ಬಲ ಮತ್ತು ಮಿತಿ

ಮಾಗಿಯ ಚಳಿ ಆರಂಭವಾಯಿತೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ಹಿರಿಯರ ಸಂಖ್ಯೆ ಹೆಚ್ಚುತ್ತದೆ. ಮಂಡಿನೋವು, ಸೊಂಟನೋವು, ಹೆಗಲಿನ ಬಿಗಿತ. ದೂರು ಬಹುಮಟ್ಟಿಗೆ ಒಂದೇ. "ಲಿಂಗಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿಲ್ಲವಲ್ಲ, ಡಾಕ್ಟರೇ" ಎಂದು ಕಣ್ಣೀರಿಟ್ಟ ತಾಯಂದಿರನ್ನೂ ಕಂಡಿದ್ದೇವೆ. ಅವರ ಕೈಚೀಲದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಔಷಧಗಳಿರುತ್ತವೆ. ಒಂದು, ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದ ನೋವಿನ ಮಾತ್ರೆ. ಇನ್ನೊಂದು, ಜಾತ್ರೆಯಲ್ಲಿ ಕೊಂಡ ಹೆಸರು-ವಿಳಾಸವಿಲ್ಲದ ಎಣ್ಣೆಯ ಸೀಸೆ. ಮೊದಲನೆಯದನ್ನು ಭಯವಿಲ್ಲದೆ ನುಂಗುತ್ತಾರೆ, ಎರಡನೆಯದನ್ನು ವಿಚಾರಿಸದೆ ಹಚ್ಚುತ್ತಾರೆ. ಈ ಎರಡು ರೂಢಿಗಳೂ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ವಯೋಸಹಜ ಸವೆತದಿಂದ ಬರುವ ಸಂಧಿವಾತದಲ್ಲಿ ಚಿಕಿತ್ಸೆ ಹೊರಗಿನಿಂದ ಆರಂಭವಾಗುವುದು ಲೇಸು. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಆಧುನಿಕ ವೈದ್ಯರೂ ಇದನ್ನು ಮನಗಂಡಿದ್ದಾರೆ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿಯು ಮಂಡಿಯ ಸವೆತಕ್ಕೆ ಚರ್ಮದ ಮೇಲೆ ಹಚ್ಚುವ ನೋವುನಿವಾರಕಗಳನ್ನು ಬಲವಾಗಿ ಶಿಫಾರಸು ಮಾಡಿದೆ. ಅಲ್ಲಿ ಹೇಳಿರುವುದು ಆಧುನಿಕ ಮುಲಾಮುಗಳ ಮಾತಾದರೂ, ನೋವಿರುವಲ್ಲಿಯೇ ಮದ್ದು ಹಚ್ಚುವ ಕ್ರಮ ನಮಗೆ ಹೊಸತಲ್ಲ.

ಚರಕ ಸಂಹಿತೆಯ ಸೂತ್ರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಹೊರಲೇಪಕ್ಕಾಗಿಯೇ 32 ಯೋಗಗಳಿವೆ. ಅವುಗಳಲ್ಲಿ ವಾತರೋಗಕ್ಕೆ ಹೇಳಿದ ಒಂದು ಲೇಪದಲ್ಲಿ ಹುರುಳಿ, ಉದ್ದು, ಅಗಸೆ, ದೇವದಾರು, ಬಜೆ ಮೊದಲಾದವುಗಳನ್ನು ಹುಳಿದ್ರವದಲ್ಲಿ ಕಲಸಿ ಬಿಸಿಯಾಗಿ ಹಚ್ಚಬೇಕು. ಇವುಗಳಲ್ಲಿ ಹಲವು ನಮ್ಮ ಅಡುಗೆಮನೆಯ ಪದಾರ್ಥಗಳೇ ಆಗಿವೆ. ಚರಕನ ಕಾಲದಲ್ಲಿ ನಮ್ಮ ದೇಶದಲ್ಲಿ ಇಲ್ಲದಿದ್ದ ಮೆಣಸಿನಕಾಯಿಯೂ ಇಂದು ಮದ್ದಾಗಿದೆ. ಅದರ ಖಾರದ ಸತ್ವವಾದ ಕ್ಯಾಪ್ಸೈಸಿನ್ ನೋವಿನ ನರಗಳನ್ನು ಮೊದಲು ಕೆರಳಿಸಿ, ಬಳಿಕ ಮಂದಗೊಳಿಸುತ್ತದೆ. ಸರ್ಪಸುತ್ತಿನ ನಂತರ ಉಳಿಯುವ ನರನೋವಿಗೆ ಅದರ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಹಾಗೆಂದು ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚಿದರೆ ಚರ್ಮ ಸುಟ್ಟೀತು. ಆ ಸಾಹಸ ಬೇಡ.

ಹಚ್ಚುವ ಮುನ್ನ ಇದು ಯಾವ ನೋವೆಂದು ತಿಳಿಯಬೇಕು. ಸವೆತದ ನೋವಿಗೆ ಎಣ್ಣೆ ಹಿತಕರ. ಆದರೆ ಕೀಲು ಊದಿ, ಬಿಸಿಯಾಗಿ, ಮುಂಜಾನೆ ಬಹುಹೊತ್ತು ಬಿಗಿದುಕೊಂಡಿರುವ ಆಮವಾತದಲ್ಲಿ ಎಣ್ಣೆ ತಿಕ್ಕಿದರೆ ಬಾಧೆ ಹೆಚ್ಚುತ್ತದೆ. ಅಲ್ಲಿ ನಮ್ಮ ಶಾಸ್ತ್ರವು ಮರಳಿನ ಒಣಶಾಖವನ್ನು ವಿಧಿಸಿದೆ. ಒಬ್ಬರಿಗೆ ಗುಣವಾದ ತೈಲವನ್ನು ನೆರೆಮನೆಯವರು ಕೇಳಿ ಪಡೆದು ನೋವು ಹೆಚ್ಚಿಸಿಕೊಳ್ಳುವುದು ಹೀಗೆಯೇ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಅರವತ್ತು ದಾಟಿದ ರೈತರೊಬ್ಬರು ಬೆನ್ನುನೋವೆಂದು ಬಂದರು. ಹೊಲದ ದುಡಿಮೆಯ ನೋವೆಂದೇ ಭಾವಿಸಿ ನಾವು ತೈಲ ಕೊಟ್ಟೆವು. ತುಸು ಹಗುರವೆನಿಸಿತು. ಅವರು ಅಂಗಡಿಯ ಪಟ್ಟಿಯನ್ನೂ ತಂದು ಅಂಟಿಸಿಕೊಳ್ಳತೊಡಗಿದರು. ಮೂರು ತಿಂಗಳ ಬಳಿಕ ಮರಳಿ ಬಂದಾಗ ಅವರ ಅಂಗಿ ಸಡಿಲವಾಗಿತ್ತು. ರಾತ್ರಿ ಮಲಗಿದರೂ ನೋವು ನಿಲ್ಲುತ್ತಿರಲಿಲ್ಲ. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅದು ಬೆನ್ನುಮೂಳೆಯ ಕ್ಷಯವಾಗಿತ್ತು. ಚಿಕಿತ್ಸೆಯಿಂದ ಗುಣಮುಖರಾದರು, ಆದರೆ ಬಾಗಿದ ಬೆನ್ನು ನೆಟ್ಟಗಾಗಲಿಲ್ಲ. ಮೊದಲ ದಿನವೇ ಇನ್ನೆರಡು ಪ್ರಶ್ನೆ ಕೇಳಬೇಕಾಗಿತ್ತೆಂಬ ಅಳುಕು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ನೋವಿನೊಡನೆ ಜ್ವರ, ತೂಕದ ಇಳಿಕೆ, ನಿದ್ದೆಗೆಡಿಸುವ ರಾತ್ರಿಬಾಧೆ, ಕಾಲಿನ ಬಲಹೀನತೆ ಅಥವಾ ಮಲಮೂತ್ರದ ಹಿಡಿತ ತಪ್ಪುವಿಕೆ ಕಂಡರೆ ಯಾವ ಪಟ್ಟಿಯನ್ನೂ ಅಂಟಿಸಿ ಕಾಯಬೇಡಿ. ಬಿದ್ದ ಮೇಲೆ ಆರಂಭವಾದ ನೋವಿಗೂ ಇದೇ ಮಾತು. ಮೊದಲು ಪರೀಕ್ಷೆಯಾಗಲಿ.

ಸೀಸೆಯನ್ನೂ ಪರೀಕ್ಷಿಸಬೇಕು. ಆಯುರ್ವೇದ ಔಷಧದ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಒಳಗಿರುವ ದ್ರವ್ಯಗಳ ಪಟ್ಟಿ ಇರಲೇಬೇಕೆಂದು ಕಾನೂನಿದೆ. ಇಲ್ಲದಿದ್ದರೆ ಕೊಳ್ಳಬೇಡಿ. ಘಾಟು ವಾಸನೆಯ ಅನೇಕ ಎಣ್ಣೆ ಹಾಗೂ ಪಟ್ಟಿಗಳಲ್ಲಿ ವಿಂಟರ್‌ಗ್ರೀನ್ ತೈಲದ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ರಕ್ತ ತಿಳಿಯಾಗಿಸುವ ವಾರ್ಫರಿನ್ ಸೇವಿಸುವವರು ಇದನ್ನು ಹಚ್ಚಿದರೆ ರಕ್ತಸ್ರಾವದ ಅಪಾಯವಿದೆ. ಮಗುವೊಂದು ಈ ತೈಲವನ್ನು ಒಂದು ಚಮಚ ಕುಡಿದರೂ ಪ್ರಾಣಕ್ಕೇ ಕುತ್ತು. ಮೊಮ್ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿಡಿ. ಇಂತಹ ಎಣ್ಣೆ ಹಚ್ಚಿದ ಮೇಲೆ, ಪಟ್ಟಿ ಅಂಟಿಸಿದ ಮೇಲೆ ಬಿಸಿನೀರಿನ ಚೀಲ ಇಡಬಾರದು. ಗಾಯವಿರುವಲ್ಲಿ ಹಚ್ಚಬಾರದು. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಶಾಖವನ್ನೇ ತೆಗೆದುಕೊಳ್ಳಬಾರದು. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ.

ಇಷ್ಟೆಲ್ಲ ನೋಡಿಕೊಂಡ ಬಳಿಕ ಧೈರ್ಯವಾಗಿ ಹಚ್ಚಿ. ಮಂಡಿಯ ಸವೆತಕ್ಕೆ ಎಳ್ಳೆಣ್ಣೆಯೋ ವೈದ್ಯರು ಹೇಳಿದ ಮಹಾನಾರಾಯಣ ತೈಲವೋ ಸಾಕು. ಉಗುರುಬೆಚ್ಚಗೆ ಮಾಡಿ ಹತ್ತು ನಿಮಿಷ ಮೃದುವಾಗಿ ನೀವಿ, ಲಕ್ಕಿಸೊಪ್ಪನ್ನು ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಹಿತವಾದ ಶಾಖ ಕೊಡಿ. ಅನಂತರ ಮಲಗಿಬಿಡುವುದೇ ಬಹುಜನರು ಮಾಡುವ ತಪ್ಪು. ನೋವು ಇಳಿದ ಆ ಅರ್ಧಗಂಟೆ ತೊಡೆಯ ಸ್ನಾಯುವಿಗೆ ಬಲ ತುಂಬಲು ದೊರೆತ ಅವಕಾಶ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಿ. ಪ್ರತಿ ಕಾಲಿಗೆ ಹತ್ತು ಬಾರಿ, ದಿನಕ್ಕೆರಡು ಸಲ. ಬಳಿಕ ಸಮತಟ್ಟಾದ ನೆಲದಲ್ಲಿ ತುಸು ನಡೆಯಿರಿ. ಸವೆದ ಕೀಲನ್ನು ಎಣ್ಣೆ ಹೊಸದು ಮಾಡಲಾರದು, ಆದರೆ ಬಲಗೊಂಡ ತೊಡೆ ಆ ಕೀಲಿನ ಭಾರವನ್ನು ಹಂಚಿಕೊಳ್ಳಬಲ್ಲದು.

ಅಲ್ಲಿಯವರೆಗೆ ಕುರ್ಚಿಯ ಮೇಲೆ ಕುಳಿತೇ ಪೂಜೆ ನಡೆಯಲಿ. ಆ ತಾಯಂದಿರಿಗೂ ನಾವು ಇದನ್ನೇ ಹೇಳುತ್ತೇವೆ: ಪೂಜೆಗೆ ಬೇಕಾದುದು ನೆಲೆನಿಂತ ಮನಸ್ಸು. ಮಂಡಿಯನ್ನು ಹಿಂಸಿಸಿ ಕುಳಿತರೆ ಮನಸ್ಸೆಲ್ಲ ನೋವಿನ ಮೇಲೆಯೇ ಇರುತ್ತದೆ.