ಸಂತೆಯ ದಿನದ ವಾಯಿದೆ

ಅಜ್ಜಿ ತನ್ನ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರುವಿದಳು. ರೇಷನ್ ಕಾರ್ಡು, ಎರಡು ಆಧಾರಿನ ಜೆರಾಕ್ಸು, ಮಗಳ ಮರಣ ಪ್ರಮಾಣಪತ್ರ, ಮಡಚಿ ಮಡಚಿ ಗೆರೆ ಬಿದ್ದ ಆಸ್ಪತ್ರೆ ಚೀಟಿಗಳು. ಪಕ್ಕದಲ್ಲಿ ನಿಂತ ಮೊಮ್ಮಗನಿಗೆ ಒಂಬತ್ತು ವರ್ಷ. "ಇವನ್ನ ಇಲ್ಲೇ ಇಟ್ಕೋರಿ ಮೇಡಂ. ಎರಡು ಹೊತ್ತು ಉಣ್ತಾನ, ನಾಕು ಅಕ್ಷರ ಕಲಿತಾನ. ನನ್ನ ಕಡಿಂದ ಆಗಂಗಿಲ್ರಿ" ಎಂದಳು. ಹುಡುಗ ಮಾತಾಡಲಿಲ್ಲ. ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದ. ಅವನ ಅಪ್ಪ ಗುಳೆ ಹೋದವನು ತಿರುಗಿ ಬಂದಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇವರಿಬ್ಬರನ್ನೂ ಕರೆದುಕೊಂಡು ಹೋದವನು ನಾನೇ. ಬಾಲಮಂದಿರಕ್ಕೆ ಸೇರಿಬಿಟ್ಟರೆ ಹುಡುಗ ಬದುಕಿಕೊಂಡ ಎಂದೇ ಅಂದುಕೊಂಡಿದ್ದೆ.

ಅಧ್ಯಕ್ಷೆ ಕಾಗದಗಳನ್ನು ನೋಡಿ, ಹುಡುಗನನ್ನು ನೋಡಿ, ಕೇಳಿದರು: "ಯವ್ವಾ, ರೊಕ್ಕದ ತ್ರಾಸು ಇಲ್ಲದಿದ್ರ ಇವನ್ನ ಬಿಟ್ಟು ಹೋಗ್ತಿದ್ದೇನು?" ಅಜ್ಜಿ ಉತ್ತರ ಹೇಳಲಿಲ್ಲ, ಅತ್ತಳು.

ಆ ಪ್ರಶ್ನೆಯಲ್ಲಿ ಇಡೀ ಕಾನೂನಿನ ತಿರುಳೇ ಇತ್ತು. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ ಹಿಡಿಯಬೇಕಾದ ಕೊನೆಯ ದಾರಿ. ಬಡತನವೊಂದೇ ಕಾರಣವಾದರೆ ಆ ಬಡತನಕ್ಕೆ ಮದ್ದು ಹುಡುಕಬೇಕು, ಮಗುವನ್ನು ಮನೆಯಿಂದ ಬಿಡಿಸಬಾರದು. ಅದಕ್ಕಾಗಿಯೇ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಯೋಜನೆಯಿದೆ: ಹಳ್ಳಿಯಲ್ಲಿ ವರ್ಷದ ಆದಾಯ 72,000 ರೂಪಾಯಿ, ಪಟ್ಟಣದಲ್ಲಿ 96,000 ರೂಪಾಯಿ ಮೀರದ ಕುಟುಂಬದ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕೋವಿಡ್‌ನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ನಮ್ಮ ರಾಜ್ಯ ಸರ್ಕಾರ 2021ರಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿದ್ದರ ಹಿಂದೆಯೂ ಇದೇ ವಿಚಾರವಿತ್ತು.

ಮನೆಯ ಪರವಾದ ವಾದ ಬರೀ ಭಾವುಕತೆಯದಲ್ಲ. ರೊಮೇನಿಯಾದ ಬುಖಾರೆಸ್ಟಿನಲ್ಲಿ 2000ದ ಸುಮಾರಿಗೆ ಅನಾಥಾಲಯದ 136 ಎಳೆಯ ಮಕ್ಕಳ ಮೇಲೆ ಒಂದು ದೀರ್ಘ ಅಧ್ಯಯನ ಶುರುವಾಯಿತು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕೊಟ್ಟರು. ಅಲ್ಲಿಗೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಮುಂದಿತ್ತು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರದು. ಮೂರು ಪಾಳಿಯಲ್ಲಿ ಬದಲಾಗುವ ಆಯಾಗಳು ಎಷ್ಟೇ ಅಕ್ಕರೆಯವರಾದರೂ, ರಾತ್ರಿ ಬೆಚ್ಚಿ ಎದ್ದ ಮಗುವಿಗೆ ಬೆಳಿಗ್ಗೆ ಅದೇ ಮುಖ ಕಾಣುವುದಿಲ್ಲ. ಗೋಡೆಯೊಳಗೆ ಏನು ನಡೆಯಬಹುದು ಎಂಬುದಕ್ಕೆ ಬಿಹಾರದ ಮುಜಫ್ಫರ್‌ಪುರವೂ ಇದೆ. 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡದ ಲೆಕ್ಕಪರಿಶೋಧನಾ ವರದಿ ಬರುವವರೆಗೆ, ಅಲ್ಲಿನ ಬಾಲಿಕಾಗೃಹದ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ ಹೊರಜಗತ್ತಿಗೆ ಗೊತ್ತಿರಲಿಲ್ಲ.

ಇಷ್ಟು ಓದಿದವರಿಗೆ ಬಾಲಮಂದಿರಗಳನ್ನೆಲ್ಲ ಮುಚ್ಚಿಬಿಡಿ ಅನ್ನಿಸುವುದು ಸಹಜ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ, ಏಕೆಂದರೆ ನಾನು ಓದಿದ್ದು ಮಠದ ಉಚಿತ ಪ್ರಸಾದ ನಿಲಯದಲ್ಲಿ. ತುಮಕೂರಿನ ಸಿದ್ಧಗಂಗೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನವರೆಗೆ, ಮನೆಯಿಂದ ದೂರ ಇದ್ದು ಉಂಡು ಓದಿ ಮೇಲೆ ಬಂದವರು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟು. ಸಾಲಾಗಿ ಕೂತು ತಟ್ಟೆ ಹಿಡಿದ ನೆನಪು ನಮಗೆ ಅವಮಾನದ್ದಲ್ಲ, ಹೊಟ್ಟೆ ತುಂಬಿದ ನೆನಪು. ಸಂಸ್ಥೆ ಎಂದರೆ ಕೇಡು ಎಂದು ಒಂದೇ ಏಟಿಗೆ ಹೇಳುವವರು ಈ ಅನುಭವಕ್ಕೂ ಕಿವಿಗೊಡಬೇಕು.

ಆದರೆ ಒಂದು ವ್ಯತ್ಯಾಸವನ್ನು ನಾನು ಬಹಳ ತಡವಾಗಿ ಗುರುತಿಸಿದೆ. ದಸರೆಗೆ, ಬೇಸಿಗೆ ರಜೆಗೆ ನಾನು ಊರಿಗೆ ಹೋಗುತ್ತಿದ್ದೆ. ಅವ್ವ ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಂಡು ಬಂದು ಗೇಟಿನ ಬಳಿ ಕೂರುತ್ತಿದ್ದಳು. ಬಾಲಮಂದಿರದ ಎಷ್ಟೋ ಮಕ್ಕಳಿಗೆ ಗೇಟಿಗೆ ಬರುವವರೇ ಇಲ್ಲ. ಬಂದವರಿಗೂ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ಮೊದಲು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಬರುವುದೇ ನಿಂತುಹೋಗುತ್ತದೆ.

ಇನ್ನು ಮನೆಗೆ ಕಳಿಸಿದರೆ ಏನಾಗುತ್ತದೆ? ಇದಕ್ಕೂ ದೊಡ್ಡ ಉದಾಹರಣೆಯೊಂದು ನಮ್ಮ ಕಣ್ಣ ಮುಂದೆಯೇ ಆಗಿಹೋಯಿತು. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ, ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳನ್ನು 100 ದಿನದೊಳಗೆ ಕುಟುಂಬಗಳಿಗೆ ಸೇರಿಸುವಂತೆ ಬರೆಯಿತು. ಕೋವಿಡ್ ಆರಂಭದಲ್ಲಿ ದೇಶದ ಸಂಸ್ಥೆಗಳಲ್ಲಿದ್ದ ಸುಮಾರು 2.27 ಲಕ್ಷ ಮಕ್ಕಳಲ್ಲಿ 1.45 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಗೆ ಕಳಿಸಲಾಗಿದೆ ಎಂಬ ಲೆಕ್ಕ ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮನೆಗೆ ಹೋದ ಮಕ್ಕಳ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಿ ಎಂದು ಕೋರ್ಟು ಹೇಳಬೇಕಾಯಿತು. ಆಯೋಗದ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಕುಟುಂಬ ಮಗುವಿನ ಹಕ್ಕು ಎನ್ನುವುದು ನಿಜವೇ. ಆದರೆ ನೂರು ದಿನ ಎಂಬುದು ಕಚೇರಿಯ ಗಡುವು. ಆ ಮಗುವಿನ ಚಿಕ್ಕಪ್ಪ ಕುಡಿಯುತ್ತಾನೋ, ಹದಿನಾಲ್ಕರ ಹುಡುಗಿ ಮನೆ ಮುಟ್ಟಿದ ಕೂಡಲೇ ಗಂಡು ನೋಡಲು ಶುರುಮಾಡುತ್ತಾರೋ, ಹುಡುಗ ಇಟ್ಟಿಗೆ ಭಟ್ಟಿಗೆ ಹೋಗುತ್ತಾನೋ, ಇದನ್ನೆಲ್ಲ ತಿಳಿಯಲು ಮನೆಗೆ ಹೋಗಿ ಕೂತು, ಅಕ್ಕಪಕ್ಕದವರನ್ನು ಮಾತಾಡಿಸಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷವೂ ಹೇಳುತ್ತಿದೆ. ಅಂಥ ಮನೆಯಿಂದ ತಪ್ಪಿಸಿಕೊಂಡು ಬಂದ ಹುಡುಗಿಗೆ ಬಾಲಮಂದಿರದ ಬೀಗವೇ ನಿದ್ದೆ ಕೊಡುತ್ತದೆ.

ಹಾಗಾಗಿ ನಾನು ಮನೆಯ ಕಡೆಗೇ ವಾಲುತ್ತೇನೆ, ಆದರೆ ಮೊದಲು ಒಬ್ಬರು ಆ ಮನೆಯ ಹೊಸ್ತಿಲು ತುಳಿದು ಬಂದಿರಬೇಕು, ಕಳಿಸಿದ ಮೇಲೂ ತುಳಿಯುತ್ತಿರಬೇಕು. ಕಾಯ್ದೆ ಸಾಮಾಜಿಕ ತನಿಖಾ ವರದಿಗೆ 15 ದಿನ, ಅಂತಿಮ ಆದೇಶಕ್ಕೆ 4 ತಿಂಗಳು ಕೊಟ್ಟಿದೆ. ಆ ವರದಿ ಬರೆಯಬೇಕಾದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೈಬೆರಳೆಣಿಕೆಯ ಸಿಬ್ಬಂದಿ, ಹೆಚ್ಚಿನವರು ಗುತ್ತಿಗೆಯವರು, ತಿರುಗಬೇಕಾದದ್ದು ಇಡೀ ಜಿಲ್ಲೆ. ಮನೆಯೋ ಬಾಲಮಂದಿರವೋ ಎಂದು ವೇದಿಕೆ ಮೇಲೆ ವಾದಿಸುವ ನಾವು, ಆ ಗುತ್ತಿಗೆ ನೌಕರನ ಬೈಕಿನ ಪೆಟ್ರೋಲಿಗೆ ದುಡ್ಡು ಎಲ್ಲಿಂದ ಎಂದು ಕೇಳುವುದೇ ಇಲ್ಲ. ಅವನು ಹೋಗದಿದ್ದರೆ ಎರಡೂ ಆಯ್ಕೆ ಕುರುಡೇ.

ನಮ್ಮ ಅಜ್ಜಿಯ ವಿಷಯದಲ್ಲಿ ಸಮಿತಿ ಎರಡನ್ನೂ ಬೆಸೆಯಿತು. ಪ್ರಾಯೋಜಕತ್ವಕ್ಕೆ ಅರ್ಜಿ ಬರೆಸಿದರು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಹುಡುಗನ ಹೆಸರಿಗೆ ಅಜ್ಜಿಯ ಜೊತೆ ಜಂಟಿ ಖಾತೆ ಆಗಬೇಕಿತ್ತು. ಅವು ಕೈಗೆ ಬರುವವರೆಗೆ, ಮನೆಭೇಟಿ ಆಗುವವರೆಗೆ ಹುಡುಗ ಬಾಲಮಂದಿರದಲ್ಲಿರಲಿ ಎಂದರು. ಮುಂದಿನ ವಾಯಿದೆಯನ್ನು ಗುಮಾಸ್ತ ಸೋಮವಾರ ಎಂದು ಬರೆಯಹೊರಟಾಗ ಅಧ್ಯಕ್ಷೆ ತಡೆದು, "ನಿಮ್ಮೂರಿಂದ ಗಾಡಿ ಯಾವತ್ತು ಬರ್ತದ ಯವ್ವಾ?" ಎಂದು ಕೇಳಿದರು. ಸಂತೆಯ ದಿನ, ಗುರುವಾರ, ಟಂಟಂನಲ್ಲಿ ಬರಬಹುದು ಎಂದಳು. ಗುರುವಾರವೇ ಬರೆದರು.

ಅಜ್ಜಿ ಆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹುಡುಗ ಗಂಟನ್ನೇ ನೋಡುತ್ತಿದ್ದ. "ಇನ್ನ ಎಷ್ಟು ಸಂತಿ?" ಎಂದ. ಅವನು ಬಾಯಿಬಿಟ್ಟಿದ್ದು ಅವತ್ತು ಅದೊಂದೇ ಸಲ. "ಎರಡು" ಎಂದಳು ಅಜ್ಜಿ, ಎರಡು ಬೆರಳು ಎತ್ತಿ ತೋರಿಸಿದಳು.