ಶಹಬ್ಬಾಸ್‌ಗಿರಿಯ ಬೆಲೆ

ಒಂದು ತಿಂಗಳ ಕೆಲಸವನ್ನು ಹತ್ತೇ ದಿನದಲ್ಲಿ ಮುಗಿಸಿ ಮೇಲಧಿಕಾರಿಯಿಂದ ಶಹಬ್ಬಾಸ್‌ಗಿರಿ ಪಡೆಯುವುದನ್ನು ನಮ್ಮ ಉದ್ಯೋಗಸ್ಥ ವರ್ಗ ಪರಮಸಾಧನೆಯೆಂದು ಬಗೆದಿದೆ. ಅದನ್ನು ‘ಕಾಯಕ’ವೆಂದು ಕರೆದು ಬಸವಣ್ಣನವರನ್ನೂ ಸಾಕ್ಷಿಗೆ ಎಳೆಯುವವರಿದ್ದಾರೆ. ಶರಣರ ಕಾಯಕ ದಾಸೋಹದೊಡನೆ ಬೆಸೆದುಕೊಂಡದ್ದು. ಒಡೆಯನ ಮೆಚ್ಚುಗೆಗಾಗಿ ನಿದ್ದೆಗೆಡುವುದಕ್ಕೆ ಆ ಹೆಸರು ಸಲ್ಲದು.

ಕಷ್ಟದ ಕೆಲಸವನ್ನು ನಾಲ್ಕು ಜನ ಕೂಡಿ ಮುಗಿಸುವುದರಲ್ಲಿ ಸುಖವಿದೆ, ನಿಜ. ಆಪತ್ತಿನ ಹೊತ್ತಿನಲ್ಲಿ ಅದು ಕರ್ತವ್ಯವೂ ಹೌದು. ಆದರೆ ಕಚೇರಿಯ ಎಷ್ಟೋ ‘ತುರ್ತು’ಗಳು ಹುಟ್ಟುವುದು ಗಿರಾಕಿಗೆ ಯಾರೋ ಲೆಕ್ಕವಿಲ್ಲದೆ ಕೊಟ್ಟ ಮಾತಿನಿಂದ. ಆ ತಪ್ಪನ್ನು ನಮ್ಮ ರಾತ್ರಿಗಳು ಮುಚ್ಚಿಹಾಕುತ್ತವೆ. ತಪ್ಪೇ ಕಾಣದ ಮೇಲೆ ತಿದ್ದುವವರಾರು? ಹತ್ತು ದಿನವೇ ಮುಂದಿನ ಸಲದ ವಾಯಿದೆಯಾಗುತ್ತದೆ. ಮನೆಯಲ್ಲಿ ಮಗುವನ್ನೋ ಮುದುಕರನ್ನೋ ನೋಡಿಕೊಳ್ಳಬೇಕಾದ ಸಹೋದ್ಯೋಗಿ ‘ಸೋಮಾರಿ’ ಎನಿಸಿಕೊಳ್ಳುತ್ತಾಳೆ.

ನಾವು ಬದುಕು ಕಟ್ಟಿಕೊಂಡ ಈ ಮುಂಬಯಿಯಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಗಿರಣಿ ಕಾರ್ಮಿಕರು ಹೋರಾಡಿ 1890ರಲ್ಲಿ ಭಾನುವಾರದ ರಜೆ ಪಡೆದರು. 1948ರ ಕಾರ್ಖಾನೆ ಕಾಯ್ದೆ ವಾರದ ದುಡಿಮೆಗೆ 48 ಗಂಟೆಗಳ ಮಿತಿ ಹಾಕಿ, ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯನ್ನು ಹಕ್ಕಾಗಿಸಿತು. ಗಿರಣಿಯಾಳು ಸಂಘ ಕಟ್ಟಿ ಗಳಿಸಿದ ಭಾನುವಾರವನ್ನು ಪದವೀಧರರಾದ ನಾವು ಒಂದು ಹೊಗಳಿಕೆಗೆ ಮಾರುತ್ತಿದ್ದೇವೆ.

ಮೆಚ್ಚುಗೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದು ಕೂಲಿಗೂ ಬಿಡುವಿಗೂ ಬದಲಿಯಾಗಬಾರದು, ಅಷ್ಟೆ. ಮುಂದಿನ ‘ತುರ್ತು’ ಎದುರಾದಾಗ ದಿನವೆಷ್ಟು ಎಂದು ಕೇಳುವ ಮುನ್ನ, ತುರ್ತೇಕೆ, ಮೀರಿದ ಗಂಟೆಗಳ ಲೆಕ್ಕ ಬರೆಯುವವರಾರು ಎಂದು ಕೇಳೋಣ.