ಸುರತ್ಕಲ್‌ನಲ್ಲಿ ಎನ್‌ಐಟಿ ಇದೆ, ಆರ್ಕಿಟೆಕ್ಚರ್ ಸೀಟಿಲ್ಲ: ಕರಾವಳಿ ಮಕ್ಕಳಿಗೆ ದಾರಿ ಯಾವುದು?

ಮಂಗಳೂರು: ಪಿಯು ಸೈನ್ಸ್ ಓದ್ತಿರೋ ಮಕ್ಕಳ ಮನೆಯಲ್ಲಿ ಸಿಇಟಿ, ನೀಟ್, ಜೆಇಇ ಎಲ್ಲರಿಗೂ ಗೊತ್ತು. ಆದರೆ ಆರ್ಕಿಟೆಕ್ಟ್ ಆಗಬೇಕು ಅನ್ನುವ ಮಕ್ಕಳಿಗೆ ಈ ಮೂರರ ಮಾಹಿತಿ ಸಾಲಲ್ಲ. ಐದು ವರ್ಷದ ಬಿ.ಆರ್ಕ್‌ಗೆ ಒಂದೊಂದು ಸಂಸ್ಥೆ ಒಂದೊಂದು ಬಾಗಿಲು ಇಟ್ಟಿದೆ. ಯಾವ ಬಾಗಿಲು ಯಾವ ಪರೀಕ್ಷೆಗೆ ತೆರೆಯುತ್ತೆ ಅಂತ ಗೊತ್ತಿಲ್ಲದೆ ಹೋದರೆ ಒಂದು ವರ್ಷವೇ ಕೈತಪ್ಪುತ್ತೆ.

ಸಿಇಟಿ ರ‍್ಯಾಂಕ್ ಇಲ್ಲಿ ನಡೆಯಲ್ಲ

ರಾಜ್ಯದ ಕಾಲೇಜುಗಳ ಸರ್ಕಾರಿ ಕೋಟಾ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ, ಅಂದರೆ ಕೆಇಎ. ಆದರೆ ಆರ್ಕಿಟೆಕ್ಚರ್‌ಗೆ ಸಿಇಟಿ ರ‍್ಯಾಂಕ್ ಲೆಕ್ಕಕ್ಕಿಲ್ಲ. ಕೆಇಎಗೆ ಅರ್ಜಿ ಹಾಕಲೇಬೇಕು, ಜೊತೆಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ‘ನಾಟಾ’ ಬರೆದು ಅದರ ಅಂಕ ಕೆಇಎಗೆ ಕೊಡಬೇಕು. ರ‍್ಯಾಂಕ್‌ನಲ್ಲಿ ಅರ್ಧ ನಾಟಾ ಅಂಕ, ಅರ್ಧ ದ್ವಿತೀಯ ಪಿಯು ಅಂಕ.

ಈ ಅರ್ಧ-ಅರ್ಧ ಲೆಕ್ಕ ಸಣ್ಣದಲ್ಲ. ಒಬ್ಬಳಿಗೆ ಪಿಯುನಲ್ಲಿ ಶೇ 90, ನಾಟಾದಲ್ಲಿ 200ಕ್ಕೆ 80 ಅಂತಿಟ್ಟುಕೊಳ್ಳಿ. ಸರಾಸರಿ 65 ಆಯ್ತು. ಇನ್ನೊಬ್ಬನಿಗೆ ಪಿಯುನಲ್ಲಿ ಬರೀ ಶೇ 70, ನಾಟಾದಲ್ಲಿ 130. ಅವನದು 67.5. ಪಿಯುನಲ್ಲಿ 20 ಶೇಕಡ ಹಿಂದಿದ್ದವನು ರ‍್ಯಾಂಕ್‌ನಲ್ಲಿ ಮುಂದೆ ಹೋದ. ನಾಟಾದ 200 ಅಂಕದಲ್ಲಿ 80 ಅಂಕ ಕೈಯಲ್ಲಿ ಬಿಡಿಸುವ ಚಿತ್ರ ಮತ್ತು ಸಂಯೋಜನೆಗೆ. ಟ್ಯೂಷನ್‌ನಲ್ಲಿ ಬರೀ ಲೆಕ್ಕ ಮಾಡಿಸಿದರೆ ಇದು ಬರಲ್ಲ.

ಕೇಂದ್ರದ ಸಂಸ್ಥೆಗಳ ಲೆಕ್ಕವೇ ಬೇರೆ

ಎನ್‌ಐಟಿಗಳು ಮತ್ತು ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ (ಎಸ್‌ಪಿಎ) ನಾಟಾ ಕೇಳುವುದಿಲ್ಲ. ಅಲ್ಲಿಗೆ ಜೆಇಇ ಮೇನ್‌ನ ಪೇಪರ್ 2ಎ ಬೇಕು. ಗಣಿತ, ಆಪ್ಟಿಟ್ಯೂಡ್, ಡ್ರಾಯಿಂಗ್ ಸೇರಿ 400 ಅಂಕ. ಪಿಯು ಅಂಕ ರ‍್ಯಾಂಕ್‌ಗೆ ಸೇರಲ್ಲ, ಆದರೆ ಶೇ 75 (ಎಸ್‌ಸಿ, ಎಸ್‌ಟಿಗೆ 65) ದಾಟಬೇಕು ಅಥವಾ ಬೋರ್ಡ್‌ನ ಮೇಲಿನ 20 ಪರ್ಸೆಂಟೈಲ್ ಒಳಗಿರಬೇಕು. ಖರಗ್‌ಪುರ, ರೂರ್ಕಿ, ವಾರಾಣಸಿ ಐಐಟಿಗಳಿಗೆ ಇದೂ ಸಾಲದು. ಜೆಇಇ ಅಡ್ವಾನ್ಸ್ಡ್ ದಾಟಿ ಎಎಟಿ ಅನ್ನುವ ಇನ್ನೊಂದು ಪರೀಕ್ಷೆ ಪಾಸಾಗಬೇಕು.

ನಮ್ಮ ಜಿಲ್ಲೆಗೆ ನಿಜವಾದ ಹೊಡೆತ ಬೀಳುವುದು ಇಲ್ಲೇ. 1960ರಲ್ಲಿ ಕೆಆರ್‌ಇಸಿ ಆಗಿ ಶುರುವಾದ ಸುರತ್ಕಲ್ ಎನ್‌ಐಟಿಯಲ್ಲಿ ಬಿ.ಆರ್ಕ್ ಕೋರ್ಸೇ ಇಲ್ಲ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದ ಮಕ್ಕಳಿಗೆ ಮೀಸಲು. ಸುರತ್ಕಲ್‌ನಲ್ಲಿ ಬಿ.ಟೆಕ್ ಸೇರುವವರಿಗೆ ಆ ಲಾಭ ಸಿಗುತ್ತೆ. ಆರ್ಕಿಟೆಕ್ಚರ್ ಬಯಸುವ ಕರ್ನಾಟಕದ ಮಕ್ಕಳಿಗೆ ದೇಶದ ಯಾವ ಎನ್‌ಐಟಿಯಲ್ಲೂ ಅದಿಲ್ಲ. ಹತ್ತಿರದ ಕ್ಯಾಲಿಕಟ್‌ಗೆ ಹೋದರೂ ‘ಹೊರರಾಜ್ಯ’ದ ಅರ್ಧದಲ್ಲೇ ಇಡೀ ದೇಶದವರ ಜೊತೆ ಪೈಪೋಟಿ. ಸುರತ್ಕಲ್‌ನಲ್ಲಿ ಈ ಕೋರ್ಸ್ ಯಾಕಿಲ್ಲ ಅಂತ ಸಂಸದರು, ಶಾಸಕರು ಕೇಳಬೇಕಾದ ಪ್ರಶ್ನೆ ಇದು.

ಮಣಿಪಾಲದಲ್ಲಿ ಕೋರ್ಸ್ ಇದೆ. ಆದರೆ ಅದು ಡೀಮ್ಡ್ ವಿಶ್ವವಿದ್ಯಾಲಯ, ಪ್ರವೇಶವೂ ಶುಲ್ಕವೂ ಅವರದ್ದೇ. ಹಾಗಾಗಿ ಸಾಮಾನ್ಯ ಕುಟುಂಬದ ಮಕ್ಕಳಿಗೆ ಕೆಇಎ ಸೀಟೇ ದೊಡ್ಡ ಆಸರೆ.

ಭಾಷೆಯೂ ಒಂದು ಬೇಲಿ

ಜೆಇಇ ಮೇನ್ ಕನ್ನಡದಲ್ಲೂ ಬರೆಯಬಹುದು. ನಾಟಾ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಂದರೆ ರಾಜ್ಯದ ಸೀಟಿಗೆ ಬೇಕಾದ ಪರೀಕ್ಷೆಯಲ್ಲೇ ರಾಜ್ಯದ ಭಾಷೆ ಇಲ್ಲ. ಕನ್ನಡ ಮಾಧ್ಯಮದವರಿಗೆ ಕೆಇಎ ಮೀಸಲಾತಿ ಕೊಡುತ್ತೆ ನಿಜ, ಆದರೆ ಅದರ ತನಕ ತಲುಪಲು ಮೊದಲು ಈ ಬೇಲಿ ಹಾರಬೇಕು.

ಇನ್ನು ವಿಷಯಗಳು. ‘ಚಿತ್ರ ಚೆನ್ನಾಗಿ ಬಿಡಿಸ್ತಾನೆ, ಆರ್ಟ್ಸ್ ತಗೊಂಡ್ರೂ ಆಗುತ್ತೆ’ ಅನ್ನುವ ಮಾತು ತಪ್ಪು. ಪಿಯುನಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಬೇಕೇ ಬೇಕು. ಗಣಿತ ಬಿಟ್ಟು ಬಯಾಲಜಿ ತಗೊಂಡವರಿಗೂ, ಕಾಮರ್ಸ್‌ನವರಿಗೂ ದಾರಿ ಇಲ್ಲ. ಗಣಿತ ಇರುವ ಮೂರು ವರ್ಷದ ಡಿಪ್ಲೊಮಾ ಮಾಡಿದವರು ನಾಟಾ ಬರೆಯಬಹುದು.

ಕಾಲೇಜು ಆರಿಸುವಾಗ ಕಟ್ಟಡದ ಅಂದ ನೋಡಿ ಮರುಳಾಗಬೇಡಿ. ಆ ಕೋರ್ಸ್‌ಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಈ ವರ್ಷಕ್ಕೂ ಇದೆಯಾ, ಕೆಇಎ ಸೀಟು ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಅಂತ ಬೋರ್ಡ್ ಹಾಕುವಂತಿಲ್ಲ. ಮಾನ್ಯತೆ ಇಲ್ಲದ ಕಡೆ ಐದು ವರ್ಷ ಓದಿದರೆ ಡಿಗ್ರಿ ಕಾಗದವಷ್ಟೇ ಕೈಗೆ ಸಿಗುತ್ತೆ.

ಜೆಇಇ ಮೊದಲ ಹಂತ ನಡೆಯುವುದು ಜನವರಿಯಲ್ಲಿ, ಅರ್ಜಿ ಅದಕ್ಕೂ ಮೊದಲೇ ಮುಗಿಯುತ್ತೆ. ಅಂದರೆ ಪಿಯು ಪರೀಕ್ಷೆ ಮುಗಿದ ಮೇಲೆ ಯೋಚಿಸಿದರೆ ತಡವಾಯಿತು. ದ್ವಿತೀಯ ಪಿಯು ಕ್ಲಾಸ್ ಶುರುವಾಗುವಾಗಲೇ ಮನೆಯಲ್ಲಿ ಕೂತು ತೀರ್ಮಾನಿಸಿ: ರಾಜ್ಯದ ಸೀಟಿಗೆ ನಾಟಾ, ಕೇಂದ್ರದ ಸೀಟಿಗೆ ಪೇಪರ್ 2ಎ. ಎರಡನ್ನೂ ಬರೆಯಲು ಆದರೆ ಇನ್ನೂ ಒಳ್ಳೆಯದು.